ಗ್ರಾಫಿಕ್ಸ್ ಕಾರ್ಡಿನ ರೋಗಚರಿತ್ರೆ

ರೇಡಿಯೋ ಇರುವ ಮನೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ವಾರ್ತೆಯ ಹೊತ್ತಿಗೆ ಸರಿಯಾಗಿ ಪೆಟ್ಟಿಗೆ ಗೊರಗೊರ ಎನ್ನತೊಡಗಿದರೆ ತಿಳಿದ ಯಜಮಾನ ಅದನ್ನು ಕೂಡಲೇ ದುರಸ್ತಿಯ ಅಂಗಡಿಗೆ ಹೊರುವುದಿಲ್ಲ. ಮೊದಲು ಪ್ಲಗ್ಗನ್ನು ಒತ್ತಿ ನೋಡುತ್ತಾನೆ. ಏರಿಯಲ್ ತಂತಿಯನ್ನು ಸರಿಪಡಿಸುತ್ತಾನೆ. ಮುಳ್ಳನ್ನು ಸರಿಸಿ ಇನ್ನೊಂದು ನಿಲಯವನ್ನು ಹಿಡಿಯುತ್ತಾನೆ. ಇನ್ನೊಂದು ನಿಲಯ ತಿಳಿಯಾಗಿ ಕೇಳಿಸಿತೆನ್ನಿ, ಪೆಟ್ಟಿಗೆಯ ಮೇಲಿನ ಸಂಶಯ ಅರ್ಧಕ್ಕರ್ಧ ಕಳೆಯಿತು. ದೋಷ ಕಾಣಿಸಿಕೊಂಡ ಸ್ಥಳ ಬೇರೆ, ದೋಷ ಹುಟ್ಟಿದ ಸ್ಥಳ ಬೇರೆ ಇರಬಹುದೆಂಬ ಅರಿವು ಈ ಚಿಕ್ಕ ಪರೀಕ್ಷೆಯಲ್ಲಿ ಅಡಗಿದೆ.

ಈಚಿನ ವರ್ಷಗಳಲ್ಲಿ ಅದೇ ಮನೆಗಳಿಗೆ ಇನ್ನೊಂದು ಪೆಟ್ಟಿಗೆ ಬಂದಿದೆ. ಅದು ಮಕ್ಕಳು ಪಾಠಕ್ಕೆಂದು ಕೇಳಿ ಪಡೆದು, ಆಟಕ್ಕೆಂದು ಮೆರೆಸುವ ಕಂಪ್ಯೂಟರು. ಅದರೊಳಗೆ ಕುಳಿತು ತೆರೆಯ ಮೇಲಿನ ಪ್ರತಿಯೊಂದು ಬಣ್ಣದ ಚುಕ್ಕೆಯನ್ನೂ ಲೆಕ್ಕ ಹಾಕಿ ಬರೆಯುವ ಅಂಗಕ್ಕೆ ಗ್ರಾಫಿಕ್ಸ್ ಕಾರ್ಡು ಎಂದು ಹೆಸರು. ಆಟದ ಕಂಪ್ಯೂಟರಿನಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಬಹುಮಟ್ಟಿಗೆ ಇದೇ. ಒಳ್ಳೆಯ ಕಾರ್ಡೊಂದು ಸಾಧಾರಣ ನೌಕರನ ಒಂದು ತಿಂಗಳ ಸಂಬಳವನ್ನು ಸಲೀಸಾಗಿ ನುಂಗಬಲ್ಲದು. ಹೀಗಿರುವಲ್ಲಿ ಒಂದು ದಿನ ಆಟದ ನಡುವೆ ತೆರೆ ಕಪ್ಪಾದರೆ, ಅಥವಾ ಚಿತ್ರದ ಮೇಲೆ ಹಸಿರು, ನೇರಳೆ ಚೌಕಗಳು ಎದ್ದರೆ, “ಕಾರ್ಡು ಹೋಯಿತು” ಎಂಬ ತೀರ್ಪು ಕ್ಷಣದಲ್ಲಿ ಹೊರಬೀಳುತ್ತದೆ. ನಮ್ಮ ತೇರಗಾಂವದಂಥ ಊರಿನಲ್ಲಿ ಆ ತೀರ್ಪಿನ ಹಿಂದೆಯೇ ಹಳಿಯಾಳದ ದಾರಿ, ಅಲ್ಲಾಗದಿದ್ದರೆ ಧಾರವಾಡ, ಹುಬ್ಬಳ್ಳಿಯ ದಾರಿ. ಅಪ್ಪನ ಕಿಸೆಗೆ ಹೊರೆ, ಮಗನ ಮುಖಕ್ಕೆ ಮ್ಲಾನತೆ. ತೀರ್ಪು ಸರಿಯಾಗಿದ್ದರೆ ಅನ್ನುವ ಮಾತಿಲ್ಲ. ಆದರೆ ಈ ಕಾರ್ಡಿನ ಚರಿತ್ರೆಯನ್ನು ಅದರ ಕಾಯಿಲೆಗಳ ಕಡೆಯಿಂದ ಓದಿದವರಿಗೆ ಅಷ್ಟು ಅವಸರದ ತೀರ್ಪು ಕೊಡಲು ಮನಸ್ಸು ಬಾರದು. ಆ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಕಥೆಯನ್ನು ಕಾರ್ಡಿಗಿಂತ ಹಿಂದಿನಿಂದ ಆರಂಭಿಸಬೇಕು. ೧೯೪೬ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವು ಲೋಕಕ್ಕೆ ತೋರಿಸಿದ ಎನಿಯಾಕ್ ಎಂಬ ಗಣಕಯಂತ್ರದಲ್ಲಿ ಸುಮಾರು ೧೮,೦೦೦ ವಾಲ್ವುಗಳಿದ್ದವು. ಹಳೆಯ ರೇಡಿಯೋಗಳ ಬೆನ್ನಿನಲ್ಲಿ ಕೆಂಪಗೆ ಬೆಳಗುತ್ತಿದ್ದ ಗಾಜಿನ ಬುರುಡೆಗಳ ಜಾತಿಯವೇ ಅವು. ೧೯೬೦ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ ಅಂಥವನ್ನು ತಯಾರಿಸತೊಡಗಿತು. ಎನಿಯಾಕನ್ನು ನಡೆಸಿದವರು ಒಂದು ಸಂಗತಿಯನ್ನು ಬೇಗ ಕಂಡುಕೊಂಡರು. ವಾಲ್ವುಗಳು ಹೆಚ್ಚಾಗಿ ಸಾಯುತ್ತಿದ್ದುದು ದುಡಿಯುವಾಗಲ್ಲ. ಯಂತ್ರವನ್ನು ಹಚ್ಚುವಾಗ ಮತ್ತು ಆರಿಸುವಾಗ. ತಣ್ಣಗಿದ್ದ ತಂತಿ ಒಮ್ಮೆಲೇ ಕಾಯುವುದು, ಕಾದದ್ದು ತಣ್ಣಗಾಗುವುದು, ಈ ಹಿಗ್ಗು ಕುಗ್ಗುಗಳೇ ಅದರ ಮೃತ್ಯು. ಆದಕಾರಣ ಅವರು ಯಂತ್ರವನ್ನು ಆರಿಸುವುದನ್ನೇ ಆದಷ್ಟು ಕಡಿಮೆ ಮಾಡಿದರು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅರುವತ್ತು ವರ್ಷಗಳ ಮೇಲೆ ಇದೇ ರೋಗ ಬೇರೊಂದು ವೇಷದಲ್ಲಿ ಬರಲಿದೆ.

೧೯೮೧ರ ಆಗಸ್ಟಿನಲ್ಲಿ ಐಬಿಎಂ ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಾಗ ಚಿತ್ರ ಬರೆಯುವ ಕೆಲಸವನ್ನು ಒಂದು ಪ್ರತ್ಯೇಕ ಫಲಕಕ್ಕೆ ಒಪ್ಪಿಸಿತ್ತು. ಬಣ್ಣದ ಕಾರ್ಡಿಗೆ ಇದ್ದ ಸ್ಮೃತಿ ೧೬ ಕಿಲೋಬೈಟು. ಅಡ್ಡಲಾಗಿ ೩೨೦, ಉದ್ದಕ್ಕೆ ೨೦೦ ಚುಕ್ಕೆಗಳ ಚಿತ್ರದಲ್ಲಿ ನಾಲ್ಕೇ ಬಣ್ಣ. ೧೯೮೨ರಲ್ಲಿ ಬಂದ ಹರ್ಕ್ಯುಲಿಸ್ ಕಾರ್ಡಿನ ಜನ್ಮವೃತ್ತಾಂತವು ಭಾಷೆಯ ಮೇಷ್ಟರಾದ ನಮ್ಮಂಥವರಿಗೆ ವಿಶೇಷ ಸಂತೋಷ ಕೊಡುವಂಥದು. ಅದನ್ನು ರಚಿಸಿದ ವ್ಯಾನ್ ಸುವನ್ನುಕುಲ್ ಎಂಬಾತನಿಗೆ ತನ್ನ ಸಂಶೋಧನ ಪ್ರಬಂಧವನ್ನು ಥಾಯ್ ಲಿಪಿಯಲ್ಲಿ ಬರೆಯಬೇಕಾಗಿತ್ತು. ಐಬಿಎಂನ ಒಂದು ಕಾರ್ಡಿನಲ್ಲಿ ಅಕ್ಷರಗಳು ಅಚ್ಚು ಹೊಡೆದಂತೆ ಸ್ಥಿರವಾಗಿದ್ದವು. ಇನ್ನೊಂದರಲ್ಲಿ ಚುಕ್ಕೆಗಳು ಸಾಲದಾಗಿದ್ದವು. ಆತ ತಾನೇ ಮೂರನೆಯದನ್ನು ಕಟ್ಟಿದ. ನಮ್ಮ ದೇಶದಲ್ಲಿಯೂ ಹಾಗೆಯೇ ಆಯಿತು. ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಕಂಪ್ಯೂಟರಿನ ಸೀಳುಗಂಡಿಯಲ್ಲಿ ಕೂಡ್ರಿಸಿದರೆ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳು ತೆರೆಯ ಮೇಲೆ ಮೂಡುತ್ತಿದ್ದವು. ಒತ್ತಕ್ಷರ, ಗುಣಿತಾಕ್ಷರಗಳನ್ನು ಕಂಪ್ಯೂಟರು ಅಂದು ಕಲಿತದ್ದು ಇಂಥ ಒಂದು ಕಾರ್ಡಿನ ಮೂಲಕ. ಗ್ರಾಫಿಕ್ಸ್ ಕಾರ್ಡೆಂದರೆ ಬರಿಯ ಹುಡುಗಾಟಿಕೆಯ ಸಾಮಾನು ಎಂದು ಮೂಗು ಮುರಿಯುವ ಹಿರಿಯರು ಇದನ್ನು ಗಮನಿಸಬೇಕು.

ಆಟಗಳ ಯುಗ ಬೆಳೆದದ್ದು ಅನಂತರ. ೧೯೯೬ರಲ್ಲಿ ತ್ರೀಡಿಎಫ್ಎಕ್ಸ್ ಎಂಬ ಸಂಸ್ಥೆಯ ವೂಡೂ ಕಾರ್ಡು ಬಂದಿತು. ಅದು ಆಳ, ದೂರ, ನೆರಳುಗಳಿರುವ ಚಿತ್ರಗಳನ್ನು ಮಾತ್ರ ಬರೆಯಬಲ್ಲದು. ಮಿಕ್ಕ ಕೆಲಸಕ್ಕೆ ಹಳೆಯ ಕಾರ್ಡು ಇರಲೇಬೇಕು. ಹಳೆಯ ಕಾರ್ಡಿನಿಂದ ಒಂದು ಗಿಡ್ಡ ಕೇಬಲು ವೂಡೂವಿಗೆ, ವೂಡೂವಿನಿಂದ ಇನ್ನೊಂದು ಕೇಬಲು ಮಾನಿಟರಿಗೆ. ಆ ಗಿಡ್ಡ ಕೇಬಲು ಸಡಿಲವಾದರೆ ಎರಡು ಕಾರ್ಡುಗಳೂ ಸುಖವಾಗಿದ್ದು ಚಿತ್ರ ಮಾತ್ರ ಮಸುಕಾಗುತ್ತಿತ್ತು. ಚಿತ್ರ ಕೆಡುವುದಕ್ಕೆ ಕಾರ್ಡೇ ಕೆಡಬೇಕೆಂದಿಲ್ಲ ಎಂಬುದಕ್ಕೆ ಇದೊಂದು ಹಳೆಯ ದೃಷ್ಟಾಂತ.

೧೯೯೯ರಲ್ಲಿ ಎನ್ವಿಡಿಯಾ ಸಂಸ್ಥೆ ತನ್ನ ಜಿಫೋರ್ಸ್ ೨೫೬ ಕಾರ್ಡನ್ನು ಲೋಕದ ಮೊದಲನೆಯ ಜಿಪಿಯು ಎಂದು ಸಾರಿ ಮಾರಿತು. ಅಲ್ಲಿಂದ ಮುಂದೆ ಚಿಪ್ಪಿನ ಶಕ್ತಿಯೊಡನೆ ಅದರ ತಾಪವೂ ಏರುತ್ತ ಹೋಯಿತು. ವೂಡೂ ಕಾರ್ಡುಗಳಿಗೆ ಬಹುಶಃ ಫ್ಯಾನೇ ಬೇಕಿರಲಿಲ್ಲ. ೨೦೦೩ರ ಜಿಫೋರ್ಸ್ ಎಫ್ಎಕ್ಸ್ ೫೮೦೦ ಅಲ್ಟ್ರಾದ ಫ್ಯಾನಾದರೋ ಎಷ್ಟು ಗದ್ದಲ ಮಾಡುತ್ತಿತ್ತೆಂದರೆ, ತಯಾರಿಸಿದವರೇ ಅದನ್ನು ಪರಿಹಾಸ್ಯ ಮಾಡಿ ಒಂದು ಚಿತ್ರ ತೆಗೆದರು. ೨೦೨೨ರ ಆರ್‌ಟಿಎಕ್ಸ್ ೪೦೯೦ ಕಾರ್ಡಿನ ಚಿಪ್ಪಿನಲ್ಲಿ ೭,೬೩೦ ಕೋಟಿ ಟ್ರಾನ್ಸಿಸ್ಟರುಗಳು. ಅದಕ್ಕೆ ಬೇಕಾದ ವಿದ್ಯುತ್ತು ೪೫೦ ವಾಟು. ನಾಲ್ಕಾರು ಸೀಲಿಂಗ್ ಫ್ಯಾನುಗಳು ಕೂಡಿ ಉಣ್ಣುವಷ್ಟು ವಿದ್ಯುತ್ತನ್ನು ಅಂಗೈ ಅಗಲದ ಜಾಗದಲ್ಲಿ ಉಂಡು, ಅದನ್ನೆಲ್ಲ ಬಿಸಿಯಾಗಿ ಹೊರಗೆಡಹುವ ಯಂತ್ರವಿದು.

ಇಷ್ಟು ತಾಪವಿದ್ದಲ್ಲಿ ಮೊದಲು ಸೋಲುವವರು ಯಾರು? ಚರಿತ್ರೆಯ ಉತ್ತರ ಸ್ವಾರಸ್ಯವಾಗಿದೆ. ೧೯೯೯ರಿಂದ ೨೦೦೭ರ ಸುಮಾರಿನವರೆಗೆ ಕಂಪ್ಯೂಟರ್ ಲೋಕವನ್ನು ಒಂದು ಸಾಂಕ್ರಾಮಿಕ ಕಾಡಿತು. ಮದರ್‌ಬೋರ್ಡು, ಪವರ್ ಸಪ್ಲೈ, ಗ್ರಾಫಿಕ್ಸ್ ಕಾರ್ಡುಗಳ ಮೇಲಿನ ಕೆಪಾಸಿಟರುಗಳೆಂಬ ಪುಟ್ಟ ಡಬ್ಬಿಗಳು ತಲೆಯುಬ್ಬಿ, ಒಡೆದು, ಕಂದು ರಸವನ್ನು ಕಕ್ಕಿದವು. ಅವುಗಳೊಳಗಿನ ದ್ರವದ ಪಾಕ ಸರಿಯಿರಲಿಲ್ಲ. ಸಾವಿರಾರು ರೂಪಾಯಿಯ ಚಿಪ್ಪು ಸುಸ್ಥಿತಿಯಲ್ಲಿರುವಾಗ ಕೆಲವೇ ರೂಪಾಯಿಯ ಡಬ್ಬಿ ಅದನ್ನು ಮೂಕವಾಗಿಸಿತು.

ಮುಂದಿನ ಸರದಿ ಬೆಸುಗೆಯದು. ಸೀಸದ ವಿಷವನ್ನು ತಡೆಯುವ ಸದುದ್ದೇಶದಿಂದ ಯುರೋಪಿನ ಒಕ್ಕೂಟವು ೨೦೦೬ರ ಜುಲೈ ೧ರಿಂದ ವಿದ್ಯುನ್ಮಾನ ಸಾಮಾನುಗಳಲ್ಲಿ ಸೀಸದ ಬೆಸುಗೆಯನ್ನು ನಿರ್ಬಂಧಿಸಿತು. ತವರ ಸೀಸಗಳ ಹಳೆಯ ಬೆಸುಗೆ ೧೮೩ ಡಿಗ್ರಿ ಸೆಲ್ಸಿಯಸಿಗೆ ಕರಗುತ್ತಿತ್ತು; ಸೀಸವಿಲ್ಲದ ಹೊಸದಕ್ಕೆ ಸುಮಾರು ೨೧೭ ಡಿಗ್ರಿ ಬೇಕು. ಅದರ ಗುಣಸ್ವಭಾವವೂ ಬೇರೆ. ಕಾರ್ಖಾನೆಗಳೆಲ್ಲ ಹೊಸ ಹದವನ್ನು ಕಲಿಯಬೇಕಾದ ಕಾಲವದು. ಆ ವರ್ಷಗಳಲ್ಲಿಯೇ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ೩೬೦ ಎಂಬ ಆಟದ ಯಂತ್ರ ಮನೆಮನೆಗಳಲ್ಲಿ ಮೂರು ಕೆಂಪು ದೀಪ ತೋರಿಸಿ ನಿಲ್ಲತೊಡಗಿತು. ೨೦೦೭ರ ಜುಲೈಯಲ್ಲಿ ಸಂಸ್ಥೆಯು ವಾರಂಟಿಯನ್ನು ಮೂರು ವರ್ಷಕ್ಕೆ ಹೆಚ್ಚಿಸಿ, ದುರಸ್ತಿಗಾಗಿ ೧೦೦ ಕೋಟಿ ಡಾಲರಿಗೂ ಮಿಕ್ಕಿ ತೆಗೆದಿರಿಸಿತು. ನಿಜವಾದ ಕಾರಣವನ್ನು ಸಂಸ್ಥೆಯವರು ೨೦೨೧ರಲ್ಲಿ ತಮ್ಮದೇ ಸಾಕ್ಷ್ಯಚಿತ್ರದಲ್ಲಿ ವಿವರಿಸಿದರು. ಯಂತ್ರವನ್ನು ಹಚ್ಚಿ ಆರಿಸಿ ಮಾಡುವಾಗಿನ ಬಿಸಿ ತಂಪುಗಳಿಂದ ಚಿತ್ರದ ಚಿಪ್ಪಿನೊಳಗಿನ ಸೂಕ್ಷ್ಮ ಬೆಸುಗೆಗಳು ಬಿರುಕು ಬಿಡುತ್ತಿದ್ದವು. ೨೦೦೮ರ ಜುಲೈಯಲ್ಲಿ ಎನ್ವಿಡಿಯಾ ಕೂಡ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳ ಜೋಡಣೆಯ ಸಾಮಗ್ರಿ ದುರ್ಬಲವೆಂದು ಒಪ್ಪಿ, ೧೫ರಿಂದ ೨೦ ಕೋಟಿ ಡಾಲರನ್ನು ಅದಕ್ಕಾಗಿ ತೆಗೆದಿರಿಸುವುದಾಗಿ ಪ್ರಕಟಿಸಿತು. ಎನಿಯಾಕಿನ ವಾಲ್ವುಗಳ ಹಳೆಯ ವ್ಯಾಧಿ ಬೆಸುಗೆಯಲ್ಲಿ ಪುನರ್ಜನ್ಮ ಪಡೆದಿತ್ತು.

ಈ ಕಾಲದಲ್ಲಿ ಒಂದು ನಾಟಿ ಔಷಧವೂ ಹುಟ್ಟಿತು. ಸತ್ತ ಕಾರ್ಡನ್ನು ಅಡುಗೆಯ ಓವನ್ನಿನಲ್ಲಿಟ್ಟು ಬೇಯಿಸಿದರೆ ಬೆಸುಗೆ ಕೂಡಿಕೊಂಡು ಕಾರ್ಡು ಏಳುತ್ತದೆ ಎಂಬುದೇ ಅದು. ಕೆಲವು ಕಾರ್ಡುಗಳು ನಿಜವಾಗಿಯೂ ಎದ್ದವು. ಕೆಲವು ದಿನ, ಕೆಲವು ವಾರ ನಡೆದು ಮತ್ತೆ ಮಲಗಿದವು. ಬಿರುಕು ತಾತ್ಕಾಲಿಕವಾಗಿ ಮುಚ್ಚಿತ್ತೇ ಹೊರತು ಮಾಗಿರಲಿಲ್ಲ. ಮೇಲಾಗಿ ಬೆಂದ ಪ್ಲಾಸ್ಟಿಕ್ಕು, ಅಂಟುಗಳ ವಿಷದ ಹೊಗೆ ಅನ್ನ ಬೇಯಿಸುವ ಜಾಗದಲ್ಲಿ ತುಂಬುತ್ತದೆ. ಈ ಪ್ರಯೋಗವನ್ನು ಯಾರೂ ಮನೆಯಲ್ಲಿ ಮಾಡತಕ್ಕದ್ದಲ್ಲ.

ಹತ್ತಿರದ ಎರಡು ಪ್ರಕರಣಗಳನ್ನು ನೋಡೋಣ. ೨೦೨೧ರ ಜುಲೈಯಲ್ಲಿ ನ್ಯೂ ವರ್ಲ್ಡ್ ಎಂಬ ಹೊಸ ಆಟವನ್ನು ಪರೀಕ್ಷೆಗಾಗಿ ಬಿಟ್ಟಾಗ ಇವಿಜಿಎ ಸಂಸ್ಥೆಯ ಕೆಲವು ಆರ್‌ಟಿಎಕ್ಸ್ ೩೦೯೦ ಕಾರ್ಡುಗಳು ಆಡುತ್ತಾಡುತ್ತಲೇ ಸತ್ತವು. ಆಟವೇ ಕಾರ್ಡುಗಳನ್ನು ಕೊಲ್ಲುತ್ತಿದೆಯೆಂದು ಲೋಕವೆಲ್ಲ ಕೂಗಿತು. ಸಂಸ್ಥೆಯವರು ಕೆಟ್ಟ ಕಾರ್ಡುಗಳನ್ನು ಎಕ್ಸ್-ರೇ ಹಿಡಿದು ನೋಡಿದಾಗ, ವಿದ್ಯುತ್ತನ್ನು ಹದಗೊಳಿಸುವ ಭಾಗದ ಸುತ್ತಲಿನ ಬೆಸುಗೆ ಕಳಪೆಯಾಗಿದ್ದುದು ಕಂಡಿತು. ಅಂಥ ಕಾರ್ಡುಗಳಾದರೂ ಸುಮಾರು ಎರಡು ಡಜನ್ ಮಾತ್ರ. ಆಟ ಆ ಹುಳುಕನ್ನು ಹೊರಗೆಳೆಯಿತೇ ಹೊರತು ಹುಟ್ಟಿಸಿದ್ದಲ್ಲ. ಮರುವರ್ಷ, ೨೦೨೨ರ ಅಕ್ಟೋಬರಿನಲ್ಲಿ, ಹೊಸ ಆರ್‌ಟಿಎಕ್ಸ್ ೪೦೯೦ರ ವಿದ್ಯುತ್ ಕೊಂಡಿಗಳು ಕರಗಿದ ಸುದ್ದಿ ಹರಡಿತು. ನವೆಂಬರಿನಲ್ಲಿ ಎನ್ವಿಡಿಯಾ ಹೇಳಿದ್ದು ಇಷ್ಟು: ತನಗೆ ಬಂದ ದೂರುಗಳು ಸುಮಾರು ೫೦, ಅವುಗಳಲ್ಲಿ ಸಾಮಾನ್ಯವಾಗಿ ಕಂಡದ್ದು ಕೊಂಡಿ ಪೂರ್ತಿಯಾಗಿ ಒಳಗೆ ಕೂಡದಿದ್ದುದು. ಅರೆಬರೆ ತಾಗಿದ ಲೋಹದ ಮೇಲೆ ಅಷ್ಟು ವಿದ್ಯುತ್ತು ಹರಿದರೆ ಕಾವೇರದೆ ಇದ್ದೀತೆ? ೨೦೨೩ರಲ್ಲಿ ಆ ಕೊಂಡಿಯ ರಚನೆಯನ್ನೇ ತಿದ್ದಲಾಯಿತು.

ಕೇಬಲು, ಕೆಪಾಸಿಟರು, ಬೆಸುಗೆ, ಕೊಂಡಿ: ಕಾಲುಶತಮಾನದ ಈ ಪ್ರಸಿದ್ಧ ರೋಗಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಒಂದು ತತ್ತ್ವ ಹೊಳೆಯುತ್ತದೆ. ಕೋಟಿ ಕೋಟಿ ಟ್ರಾನ್ಸಿಸ್ಟರುಗಳ ಆ ಅದ್ಭುತವಾದ ಸಿಲಿಕಾನ್ ತುಣುಕು ತಾನಾಗಿ ಸೋತದ್ದು ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಸೋತದ್ದೆಲ್ಲ ಅದನ್ನು ಹೊರಗಿನ ಲೋಕಕ್ಕೆ ಕೂಡಿಸುವ ಅಗ್ಗದ ಸಂಬಂಧಗಳು. ಗೋಡೆಯ ಕಲ್ಲು ನೂರು ವರ್ಷ ಬಾಳುತ್ತದೆ, ಸಂದಿಯ ಗಾರೆ ಮೊದಲು ಉದುರುತ್ತದೆ. ಆದ್ದರಿಂದ ಪರೀಕ್ಷೆ ಗಾರೆಯಿಂದ ಆರಂಭವಾಗಬೇಕು.

ಆರಂಭಿಸುವ ಕ್ರಮ ಯಾವುದು? ನಮ್ಮ ತಾರ್ಕಿಕರು ಅನ್ವಯ, ವ್ಯತಿರೇಕ ಎಂಬ ಎರಡು ಮಾತುಗಳನ್ನು ಕೊಟ್ಟಿದ್ದಾರೆ. ಇದು ಇದ್ದಾಗ ಅದು ಇರುವುದು ಅನ್ವಯ. ಇದು ಇಲ್ಲದಾಗ ಅದೂ ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದರೆ ಕಾರಣ ನಿಶ್ಚಯವಾಗುತ್ತದೆ. ಒಂದೊಂದೇ ವಸ್ತುವನ್ನು ತೆಗೆದು, ಬದಲಿಸಿ, ದೋಷ ಹೋಯಿತೇ ಉಳಿಯಿತೇ ಎಂದು ನೋಡುವುದೇ ಪರೀಕ್ಷೆ. ಒಂದೇ ಸಲ ಮೂರನ್ನು ಬದಲಿಸಿದರೆ ದೋಷ ಹೋದರೂ ಕಾರಣ ತಿಳಿಯುವುದಿಲ್ಲ. ತಾಳೆಗರಿಯ ಪಾಠವನ್ನು ಪರಿಷ್ಕರಿಸುವ ವಿದ್ವಾಂಸನೂ ತಪ್ಪು ಕಂಡೊಡನೆ ಕವಿಯನ್ನು ದೂರುವುದಿಲ್ಲ. ಇನ್ನೊಂದು ಪ್ರತಿಯನ್ನು ತರಿಸಿ, ಲಿಪಿಕಾರನ ಕೈತಪ್ಪೋ ಹುಳದ ಬಾಯೋ ಎಂದು ಮೊದಲು ವಿಚಾರಿಸುತ್ತಾನೆ.

ಮೊದಲು ರೋಗದ ಲಕ್ಷಣವನ್ನು ಬರೆದಿಡಿ. ಚಿತ್ರ ಮೂಲದಲ್ಲಿಯೇ ಬರುವುದಿಲ್ಲವೋ? ಬಂದು ಆಟದಲ್ಲಿ ಮಾತ್ರ ಕೆಡುವುದೋ? ತೆರೆ ಕಪ್ಪಾಗಿ ಶಬ್ದ ಮುಂದುವರಿಯುವುದೋ? ಇಡೀ ಯಂತ್ರವೇ ಆರಿಹೋಗುವುದೋ? ಹಚ್ಚಿದ ಕೂಡಲೇ, ಇನ್ನೂ ಆಪರೇಟಿಂಗ್ ಸಿಸ್ಟಮು ಏಳುವ ಮುನ್ನವೇ ಚುಕ್ಕೆ ಚೌಕಗಳು ಕಂಡರೆ ಸಂಶಯ ಕಾರ್ಡಿನ ಸ್ಮೃತಿಚಿಪ್ಪು ಅಥವಾ ಕೇಬಲಿನ ಮೇಲೆ. ಆಟ ಆರಂಭಿಸಿ ಕಾಲು ಗಂಟೆಯ ಮೇಲೆ ಕಂಡರೆ ತಾಪದ ಮೇಲೆ. ಇಡೀ ಯಂತ್ರ ಫಕ್ಕನೆ ಆರಿದರೆ ಪವರ್ ಸಪ್ಲೈ ಮೇಲೆ. ತೆರೆಯ ಮೇಲೆ ಚೌಕಗಳು ಕಾಣುವಾಗ ಕಂಪ್ಯೂಟರಿನಿಂದಲೇ ತೆರೆಚಿತ್ರವೊಂದನ್ನು ತೆಗೆದು ಮೊಬೈಲಿಗೆ ಕಳಿಸಿ ನೋಡಿ. ಚೌಕಗಳು ಅಲ್ಲಿಯೂ ಇದ್ದರೆ ಚಿತ್ರ ಬರೆಯುವಾಗಲೇ ಕೆಟ್ಟಿದೆ; ಅಲ್ಲಿ ಚಿತ್ರ ಶುಭ್ರವಾಗಿದ್ದರೆ ದೋಷ ಬಹುಮಟ್ಟಿಗೆ ಕೇಬಲು, ಮಾನಿಟರುಗಳ ಕಡೆಗಿದೆ. ಕಾಸು ಖರ್ಚಿಲ್ಲದ ಪರೀಕ್ಷೆ ಇದು.

ಅನಂತರ ಹೊರಗಿನಿಂದ ಒಳಗೆ ಬರಬೇಕು. ಕೇಬಲನ್ನು ಬದಲಿಸಿ, ಮಾನಿಟರಿನ ಬದಲು ಮನೆಯ ಟಿವಿಗೆ ಹಚ್ಚಿ ನೋಡಿ. ಕೇಬಲು ಕಾರ್ಡಿನ ಕಿಂಡಿಗೇ ಇದೆಯೋ, ಮೇಲಿನ ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದೆಯೋ ಎಂದು ಗಮನಿಸಿ. ಚಿತ್ರ ನಡೆಸುವ ಡ್ರೈವರ್ ಎಂಬ ತಂತ್ರಾಂಶವನ್ನು ಪೂರ್ತಿ ತೆಗೆದು ಹೊಸದಾಗಿ ಹಾಕಿ. ಆಟದ ಹೊತ್ತಿನಲ್ಲಿ ಕಾರ್ಡಿನ ತಾಪವನ್ನು ಓದಿ. ೮೦ ಡಿಗ್ರಿಯ ಆಸುಪಾಸು ಅನೇಕ ಕಾರ್ಡುಗಳಿಗೆ ಸಹಜ, ೯೦ ದಾಟುತ್ತಿದ್ದರೆ ಧೂಳು, ನಿಂತ ಫ್ಯಾನು, ಒಣಗಿದ ಥರ್ಮಲ್ ಪೇಸ್ಟುಗಳನ್ನು ಸಂಶಯಿಸಬೇಕು.

ಪೆಟ್ಟಿಗೆ ತೆರೆಯುವುದಾದರೆ ಮೊದಲು ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಉಳಿದ ವಿದ್ಯುತ್ತನ್ನು ಹೊರಹಾಕಿ, ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಿ. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಬಾರದು, ಅದರಲ್ಲಿ ಪ್ರಾಣಾಪಾಯವಿದೆ. ಧೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಕಾರ್ಡನ್ನು ಕಳಚಿ ಮತ್ತೆ ಗಟ್ಟಿಯಾಗಿ ಕೂಡ್ರಿಸಿ. ಅದರ ಅಂಚಿನ ಬಂಗಾರದ ಬಣ್ಣದ ಹಲ್ಲುಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು, ರಬ್ಬರಿನಿಂದ ಜೋರಾಗಿ ಉಜ್ಜಿದರೆ ಆ ತೆಳುಲೇಪವೇ ಹೋದೀತು. ವಿದ್ಯುತ್ ಕೊಂಡಿಗಳು ತುದಿಮುಟ್ಟ ಒಳಸೇರಿವೆಯೇ ನೋಡಿ. ಮದರ್‌ಬೋರ್ಡಿನ ಗಂಡಿಯಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ ೭೫ ವಾಟು. ಆರು ಕಡ್ಡಿಯ ಕೊಂಡಿಯಿಂದ ೭೫, ಎಂಟು ಕಡ್ಡಿಯದರಿಂದ ೧೫೦. ಕಾರ್ಡಿನ ಹಸಿವು ಇಷ್ಟಿರುವಾಗ ಅಗ್ಗದ, ಹಳೆಯ ಪವರ್ ಸಪ್ಲೈ ಆಟದ ನಡುವೆ ಕೈಬಿಟ್ಟರೆ ಅದು ಕಾರ್ಡಿನ ತಪ್ಪಲ್ಲ. ಪ್ರೊಸೆಸರಿನಲ್ಲಿಯೇ ಚಿತ್ರ ಬರೆಯುವ ಶಕ್ತಿಯಿದ್ದರೆ ಕಾರ್ಡನ್ನು ತೆಗೆದಿಟ್ಟು ಯಂತ್ರವನ್ನು ಒಂದು ದಿನ ಹಾಗೆಯೇ ನಡೆಸಿ, ಇದು ವ್ಯತಿರೇಕ. ಕೊನೆಯಲ್ಲಿ ಅದೇ ಕಾರ್ಡನ್ನು ಗೆಳೆಯನ ಯಂತ್ರದಲ್ಲಿ ಹಾಕಿ ನೋಡಿ, ಇದು ಅನ್ವಯ. ದೋಷ ಕಾರ್ಡಿನ ಜೊತೆಯಲ್ಲಿಯೇ ಹೋಯಿತೆಂದರೆ ಮಾತ್ರ “ಕಾರ್ಡು ಹೋಯಿತು” ಎನ್ನುವ ಅಧಿಕಾರ ನಮಗೆ ಬರುತ್ತದೆ.

ನಮ್ಮ ಸೀಮೆಯವರು ಇನ್ನೆರಡು ಸಂಗತಿಗಳನ್ನು ಮರೆಯಬಾರದು. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳು ಕಾಡಿನ ಮಗ್ಗುಲಿನ ಊರುಗಳು. ಬೇಸಗೆಯ ಕೊನೆಗೆ ಗುಡುಗು ಸಿಡಿಲು. ಆ ಹೊತ್ತಿನಲ್ಲಿ ಕಂಪ್ಯೂಟರಿನ ಪ್ಲಗ್ಗನ್ನೂ ಇಂಟರ್ನೆಟ್ಟಿನ ತಂತಿಯನ್ನೂ ಕಿತ್ತಿಡುವುದೇ ಮದ್ದು. ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ವಾರಗಟ್ಟಲೆ ಮುಚ್ಚಿಟ್ಟ ಯಂತ್ರವನ್ನು ಹಚ್ಚುವ ಮುನ್ನ ಒಣ ಕೋಣೆಯಲ್ಲಿ ಗಾಳಿಯಾಡಲು ಬಿಡಬೇಕು. ಯಂತ್ರವನ್ನು ನೆಲಕ್ಕಿಡದೆ ಮಣೆಯ ಮೇಲಿಟ್ಟರೆ ಧೂಳೂ ತೇವವೂ ಕಡಿಮೆ.

ಇಷ್ಟಾದ ಮೇಲೆಯೂ ಕಾರ್ಡೇ ಕೆಟ್ಟಿದೆಯೆಂದು ಸಿದ್ಧವಾದರೆ ವಾರಂಟಿಯ ಚೀಟಿಯನ್ನು ಹುಡುಕಿರಿ. ಅದು ಮುಗಿದಿದ್ದರೆ ನುರಿತ ಬೆಸುಗೆಗಾರನ ಬಳಿ ಹೋಗಿರಿ. ಫ್ಯಾನು, ಕೆಪಾಸಿಟರು, ಸ್ಮೃತಿಚಿಪ್ಪುಗಳನ್ನು ಬದಲಿಸಬಲ್ಲವರು ದೊಡ್ಡ ಊರುಗಳಲ್ಲಿದ್ದಾರೆ. ಹಳೆಯ ಕಾರ್ಡು ಕೊಳ್ಳುವವರು ಅದರ ಪೂರ್ವಾಶ್ರಮವನ್ನು ವಿಚಾರಿಸಬೇಕು. ೨೦೨೨ರ ಸೆಪ್ಟೆಂಬರಿನವರೆಗೆ ಇಥೀರಿಯಮ್ ಎಂಬ ಗುಪ್ತನಾಣ್ಯವನ್ನು ಗಳಿಸಲು ಹಗಲಿರುಳು ದುಡಿದ ಕಾರ್ಡುಗಳು, ಆ ಪದ್ಧತಿ ನಿಂತ ಮೇಲೆ ಹಳೆಯ ಸಾಮಾನಿನ ಸಂತೆಗೆ ಬಂದವು. ಅವೆಲ್ಲ ಕೆಟ್ಟವೆಂದಲ್ಲ; ಫ್ಯಾನು, ಪೇಸ್ಟುಗಳನ್ನು ನೋಡದೆ, ಅರ್ಧ ಗಂಟೆ ಆಟ ಆಡಿಸದೆ ದುಡ್ಡು ಎಣಿಸಬಾರದು ಅಷ್ಟೆ. ದುರಸ್ತಿಗೆ ಮೀರಿದ ಕಾರ್ಡನ್ನು ತಿಪ್ಪೆಗೆ ಎಸೆಯುವುದು, ಸುಡುವುದು ಕೂಡದು. ೨೦೨೩ರ ಏಪ್ರಿಲಿನಿಂದ ಜಾರಿಗೆ ಬಂದ ಇ-ತ್ಯಾಜ್ಯದ ನಿಯಮಗಳು ಅದನ್ನು ಮರಳಿ ಸಂಸ್ಕರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.

ಇಂದು ಇಂಥ ಚಿಪ್ಪುಗಳನ್ನು ಲೋಕಕ್ಕೆ ಕೊಡುವ ಎನ್ವಿಡಿಯಾ, ಎಎಂಡಿ, ಇಂಟೆಲ್ ಸಂಸ್ಥೆಗಳ ವಿನ್ಯಾಸ ಕಚೇರಿಗಳು ಬೆಂಗಳೂರಿನಲ್ಲಿವೆ. ನಮ್ಮ ನಾಡಿನ ತರುಣರು ಅಲ್ಲಿ ದುಡಿಯುತ್ತಿದ್ದಾರೆ. ಮನೆಯ ಯಂತ್ರ ಕೆಟ್ಟ ದಿನ ಹಿರಿಯರು ಗದರಿಸದೆ ಒಂದು ಕಾಗದ, ಒಂದು ಸ್ಕ್ರೂಡ್ರೈವರು ಕೊಟ್ಟು, ಪಕ್ಕದಲ್ಲಿ ಕುಳಿತು, “ಮೊದಲು ಏನು ನೋಡಿದೆ? ಆಮೇಲೆ ಏನು ತೆಗೆದೆ?” ಎಂದು ಕೇಳುತ್ತ ಹೋದರೆ ಹುಡುಗನಿಗೋ ಹುಡುಗಿಗೋ ಅದೊಂದು ಒಳ್ಳೆಯ ಪಾಠವಾದೀತು. ಕಾರ್ಡು ಉಳಿದರೆ ಹಣ ಉಳಿಯಿತು. ಉಳಿಯದಿದ್ದರೂ ಸಾಕ್ಷ್ಯವಿಲ್ಲದೆ ತೀರ್ಪು ಕೊಡಬಾರದೆಂಬ ಅಭ್ಯಾಸ ಮನೆಯಲ್ಲಿ ಉಳಿಯುತ್ತದೆ.